ಪಾಚಿಯ ಬಣ್ಣ, ಪಾಚಿಯ ಎಣ್ಣೆ: ಊರಿಗೆ ಹೋಗಿ ಬೆಳೆಯುವ ಮೊದಲು ಒಂದಿಷ್ಟು ಲೆಕ್ಕ

(ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹೋದ ತಿಂಗಳು ನಮ್ಮ ಡಾಕ್ಟರು ಸಕ್ಕರೆ ಕಾಯಿಲೆ ಬಗ್ಗೆ ಮಾತಾಡಿದರು, ಅದರ ಹಿಂದಿನ ತಿಂಗಳು ಊರಿನ ಬ್ಯಾಂಕ್ ಖಾತೆ ಬಗ್ಗೆ ಒಬ್ಬರು ಹೇಳಿದರು. ಈ ಸಲ ಪಾಚಿ ಬಗ್ಗೆ ಅಂತ ವಾಟ್ಸಾಪ್‌ನಲ್ಲಿ ಬಂದಾಗ ಕೆಲವರು ನಗುವ ಗೊಂಬೆ ಕಳಿಸಿದ್ದರು. ಬೇಜಾರಿಲ್ಲ. ಪಾಚಿ ಅಂದರೆ ನಮಗೆ ಮೊದಲು ನೆನಪಾಗುವುದು ಮಳೆಗಾಲದಲ್ಲಿ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದದ್ದು. ಆದರೆ ನನ್ನ ಸಂಬಳ ಬರುವುದೇ ಆ ಪಾಚಿಯಿಂದ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿ, ಇಲ್ಲಿ ಒಂದು ಮೀನುಮರಿ ಕೇಂದ್ರದಲ್ಲಿ ಪಾಚಿ ಕೋಣೆ ನೋಡಿಕೊಳ್ಳುವುದು ನನ್ನ ಕೆಲಸ. ಹನ್ನೊಂದು ವರ್ಷ ಆಯ್ತು.

ಈ ವಿಷಯ ತೆಗೆದುಕೊಳ್ಳಲು ಒಂದು ಕಾರಣ ಇದೆ. ನಮ್ಮ ವೇದಿಕೆಯ ಒಬ್ಬರು, ಸುಳ್ಯ ಕಡೆಯವರು, ಮುಂದಿನ ವರ್ಷ ಕೆಲಸ ಬಿಟ್ಟು ಊರಿಗೆ ಹೋಗುವವರಿದ್ದಾರೆ. ಅವರ ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ಹಿಡಿದಿದೆ. ಮರ ಕಡಿದ ಜಾಗದಲ್ಲಿ ಏನಾದರೂ ಬೇರೆ ಮಾಡಬೇಕು ಅಂತ ಯೋಚನೆ. ಅವರ ಕೈಗೆ ಒಂದು ಬಣ್ಣದ ಕರಪತ್ರ ಸಿಕ್ಕಿದೆ: "ಸ್ಪಿರುಲಿನಾ ಬೆಳೆಯಿರಿ, ಬೆಳೆದದ್ದೆಲ್ಲ ನಾವೇ ಕೊಳ್ಳುತ್ತೇವೆ." ಹತ್ತೊಂಬತ್ತು ವರ್ಷದ ಗ್ರ್ಯಾಚುಯಿಟಿ ಹಣ ಅದಕ್ಕೆ ಹಾಕಬಹುದಾ ಅಂತ ನನ್ನನ್ನು ಕೇಳಿದರು. ಇಂಥ ಕರಪತ್ರ ಇನ್ನೂ ಮೂರ್ನಾಲ್ಕು ಜನರ ಫೋನಿನಲ್ಲಿ ಇದೆ ಅಂತ ಆಮೇಲೆ ಗೊತ್ತಾಯ್ತು. ಹಾಗಾಗಿ ಅಣ್ಣನ ಒಪ್ಪಿಗೆ ಕೇಳಿಯೇ ಎಲ್ಲರೆದುರು ಮಾತಾಡುತ್ತಿದ್ದೇನೆ.

ಮೊದಲು ನನ್ನ ಕೋಣೆಯಿಂದ ಶುರು ಮಾಡ್ತೇನೆ.

ನೀವು ಮಾರ್ಕೆಟ್ಟಿನಲ್ಲಿ ಹಮೂರ್, ಸೀಬ್ರೀಮ್ ಕೊಳ್ಳುತ್ತೀರಲ್ಲ, ಅದರ ಮರಿ ಮೊಟ್ಟೆಯಿಂದ ಹೊರಬಂದಾಗ ಒಂದು ರೆಪ್ಪೆಕೂದಲಿನಷ್ಟೂ ಇರುವುದಿಲ್ಲ. ಮೂರು ದಿನದ ಹೊತ್ತಿಗೆ ಹೊಟ್ಟೆಗೆ ಅಂಟಿದ ಹಳದಿ ಭಂಡಾರ ಖಾಲಿ. ಆಮೇಲೆ ಅದಕ್ಕೆ ಓಡಾಡುವ ಜೀವಂತ ಆಹಾರ ಬೇಕು. ಅದರ ಬಾಯಿಗೆ ಹಿಡಿಸುವುದು ರೋಟಿಫರ್ ಎಂಬ ಸಣ್ಣ ಜೀವಿ. ಆ ರೋಟಿಫರ್‌ಗೆ ನಾವು ತಿನ್ನಿಸುವುದು ಸೂಕ್ಷ್ಮಪಾಚಿ. ಒಂದು ಪಾಚಿಯ ಹೆಸರು ನ್ಯಾನೊಕ್ಲೊರಾಪ್ಸಿಸ್. ಒಂದೊಂದು ಕಣ 2ರಿಂದ 4 ಮೈಕ್ರಾನ್. ನಮ್ಮ ತಲೆಕೂದಲಿನ ದಪ್ಪದಲ್ಲಿ ಅಂಥ ಇಪ್ಪತ್ತನ್ನು ಸಾಲಾಗಿ ಕೂರಿಸಬಹುದು. ಇನ್ನೊಂದು ಐಸೊಕ್ರೈಸಿಸ್, ಬಣ್ಣ ಸ್ವಲ್ಪ ಕಂದು.

ಎರಡು ಯಾಕೆ, ಒಂದೇ ಸಾಲದಾ? ಸಾಲದು. ಮೀನೆಣ್ಣೆ ಮಾತ್ರೆಯ ಡಬ್ಬಿಯ ಮೇಲೆ ಇಪಿಎ, ಡಿಎಚ್‌ಎ ಅಂತ ಎರಡು ಹೆಸರು ಓದಿರ್ತೀರಿ. ಎರಡೂ ಒಮೆಗಾ-3 ಜಾತಿಯ ಕೊಬ್ಬಿನಾಮ್ಲಗಳು. ನ್ಯಾನೊಕ್ಲೊರಾಪ್ಸಿಸ್‌ನಲ್ಲಿ ಇಪಿಎ ಚೆನ್ನಾಗಿದೆ, ಡಿಎಚ್‌ಎ ಇಲ್ಲ ಅನ್ನುವಷ್ಟು ಕಡಿಮೆ. ಐಸೊಕ್ರೈಸಿಸ್‌ನಲ್ಲಿ ಡಿಎಚ್‌ಎ ಇದೆ. ಮರಿಗೆ ಡಿಎಚ್‌ಎ ಸಾಲದಿದ್ದರೆ ಕಣ್ಣು, ಮಿದುಳು ಸರಿಯಾಗಿ ಬೆಳೆಯುವುದಿಲ್ಲ. ಎದುರಿಗೇ ಆಹಾರ ಇದ್ದರೂ ಹಿಡಿಯಲಾರದು, ರಾಶಿ ರಾಶಿ ಸಾಯ್ತದೆ. ನಮ್ಮ ಮಕ್ಕಳ ಮಿದುಳಿನಲ್ಲಿ, ಕಣ್ಣಿನ ಪರದೆಯಲ್ಲಿ ಇರುವುದೂ ಇದೇ ಡಿಎಚ್‌ಎ.

ಇಲ್ಲಿ ಒಂದು ಮುಖ್ಯ ಮಾತು. ಬಂಗುಡೆ, ಬೂತಾಯಿ ತಿಂದರೆ ಒಮೆಗಾ-3 ಸಿಗ್ತದೆ ಅಂತ ನಾವು ಹೇಳ್ತೇವೆ. ಆದರೆ ಬಂಗುಡೆ ಅದನ್ನು ತಾನೇ ತಯಾರಿಸುವುದು ಬಹಳ ಕಡಿಮೆ. ಸಮುದ್ರದ ಪಾಚಿ ತಯಾರಿಸುತ್ತದೆ, ಪಾಚಿಯನ್ನು ಸಣ್ಣ ಜೀವಿ ತಿನ್ನುತ್ತದೆ, ಅದನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು. ಮೀನು ಬರೀ ಸಾಗಣೆದಾರ. ಹಾಗಿದ್ದರೆ ನಡುವಿನವರನ್ನು ಬಿಟ್ಟು ನೇರ ಪಾಚಿಯಿಂದಲೇ ತೆಗೆಯಬಾರದಾ? ಈ ಪ್ರಶ್ನೆಯಿಂದಲೇ ಒಂದು ಉದ್ಯಮ ಹುಟ್ಟಿತು. ಎಣ್ಣೆಯ ವಿಷಯಕ್ಕೆ ಮತ್ತೆ ಬರ್ತೇನೆ. ಮೊದಲು ಬಣ್ಣ.

ಪಾಚಿಯಿಂದ ಬರುವ ಬಣ್ಣಗಳಲ್ಲಿ ವ್ಯಾಪಾರಕ್ಕೆ ಮುಖ್ಯವಾದವು ಮೂರು: ನೀಲಿ, ಕಿತ್ತಳೆ, ಕೆಂಪು.

ನೀಲಿ ಬರುವುದು ಸ್ಪಿರುಲಿನಾದಿಂದ. ಅದರ ಹೆಸರು ಫೈಕೊಸಯಾನಿನ್. ಶಾಸ್ತ್ರದ ಪ್ರಕಾರ ಸ್ಪಿರುಲಿನಾ ಪಾಚಿಯಲ್ಲ, ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಬಳಕೆಯಲ್ಲಿ ಎಲ್ಲರೂ ಪಾಚಿ ಅಂತಲೇ ಕರೆಯುವುದು. ಇದು ಹೊಸದೇನಲ್ಲ. ಆಫ್ರಿಕಾದ ಚಾಡ್ ಸರೋವರದ ಸುತ್ತಲಿನ ಹೆಂಗಸರು ಇದನ್ನು ಬಟ್ಟೆಯಲ್ಲಿ ಸೋಸಿ, ಮರಳಿನ ಮೇಲೆ ಒಣಗಿಸಿ, ಬಿಲ್ಲೆ ಮಾಡಿ ಸಂತೆಯಲ್ಲಿ ಮಾರುತ್ತಾ ಬಂದಿದ್ದಾರೆ. ಅದಕ್ಕೆ ದಿಹೆ ಅಂತ ಹೆಸರು. ಆಹಾರಕ್ಕೆ ಹಾಕಬಹುದಾದ ನೈಸರ್ಗಿಕ ನೀಲಿ ಬಣ್ಣ ಸಿಗುವುದೇ ಕಷ್ಟ. ಅಮೆರಿಕದ ಎಫ್‌ಡಿಎ 2013ರಲ್ಲಿ ಸ್ಪಿರುಲಿನಾ ಸಾರವನ್ನು ಮಿಠಾಯಿಗೆ, ಚೂಯಿಂಗ್ ಗಮ್‌ಗೆ ಬಣ್ಣವಾಗಿ ಒಪ್ಪಿಕೊಂಡಿತು. ಆಮೇಲೆ ಬೇಡಿಕೆ ಏರಿತು. ಆದರೆ ಈ ನೀಲಿ ಬಹಳ ನಾಜೂಕು. 60 ಡಿಗ್ರಿ ದಾಟಿ ಬಿಸಿ ಮಾಡಿದರೆ ಕೆಡ್ತದೆ, ನಿಂಬೆಹುಳಿ ಹಾಕಿದರೆ ಕೆಡ್ತದೆ, ಬೆಳಕಿನಲ್ಲಿಟ್ಟರೂ ಮಾಸ್ತದೆ.

ಕಿತ್ತಳೆ ಬಣ್ಣ ಬೀಟಾ ಕ್ಯಾರೊಟಿನ್. ಕೊಡುವ ಪಾಚಿ ಡ್ಯುನಲಿಯೆಲ್ಲಾ. ಇದು ಬದುಕುವುದು ಸಮುದ್ರಕ್ಕಿಂತ ಎಷ್ಟೋ ಪಟ್ಟು ಉಪ್ಪಾದ ನೀರಿನಲ್ಲಿ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನಾಗರ ನೋಡಿದವರು ಇಲ್ಲಿ ಇರಬಹುದು. ಉಪ್ಪಿನಾಗರಗಳಲ್ಲಿ ನೀರು ಆರಿ ಗಟ್ಟಿಯಾದ ಹಾಗೆ ಕೆಂಪು ಛಾಯೆ ಬರುವುದು ಲೋಕದಲ್ಲೆಲ್ಲ ಕಾಣುವ ಸಂಗತಿ. ಅದಕ್ಕೆ ಉಪ್ಪು ಪ್ರೀತಿಯ ಕೆಲವು ಸೂಕ್ಷ್ಮಜೀವಿಗಳ ಜೊತೆ ಈ ಪಾಚಿಯೂ ಕಾರಣ. 1838ರಲ್ಲಿ ಫ್ರಾನ್ಸಿನ ಡ್ಯುನಾಲ್ ಎಂಬವರು ಮೋಂಪೆಲಿಯೆ ಹತ್ತಿರದ ಉಪ್ಪಿನಾಗರದಲ್ಲಿ ಇದನ್ನು ಗುರುತಿಸಿದರು, ಅವರ ಹೆಸರೇ ಉಳಿಯಿತು. ಇವತ್ತು ಪಶ್ಚಿಮ ಆಸ್ಟ್ರೇಲಿಯಾದ ಹಟ್ ಲಗೂನ್ ಎಂಬ ಗುಲಾಬಿ ಸರೋವರದ ಪಕ್ಕ ನೂರಾರು ಎಕರೆ ಕೊಳಗಳಲ್ಲಿ ಇದನ್ನು ಬೆಳೆಯುತ್ತಾರೆ. ಸರಿಯಾಗಿ ಬಿಸಿಲು, ಉಪ್ಪು ಸಿಕ್ಕಿದರೆ ಒಣತೂಕದ ನೂರರಲ್ಲಿ ಹತ್ತು ಪಾಲು ಬೀಟಾ ಕ್ಯಾರೊಟಿನ್ ಆಗಬಹುದು.

ಕೆಂಪು ಅಸ್ಟಾಕ್ಸಾಂಥಿನ್. ಸಾಲ್ಮನ್ ಮೀನಿನ ಮಾಂಸ ಗುಲಾಬಿ ಇರುವುದು, ಬೇಯಿಸಿದ ಸಿಗಡಿ ಕೆಂಪಾಗುವುದು ಇದರಿಂದಲೇ. ಪಾಚಿಯಲ್ಲಿ ಇದರ ರಾಜ ಹೆಮಟೊಕಾಕಸ್. ಸಿಹಿನೀರಿನದು, ಮಳೆನೀರು ನಿಂತ ಗುಂಡಿಯಲ್ಲೂ ಇರ್ತದೆ. ನೀರು, ಪೋಷಕಾಂಶ ಇರುವಾಗ ಹಸಿರಾಗಿ ಈಜಾಡ್ತಾ ಇರ್ತದೆ. ಗುಂಡಿ ಒಣಗಲು ಶುರುವಾಯಿತು, ಬಿಸಿಲು ಹೊಡೆಯಿತು ಅಂದರೆ ಈಜುವುದು ನಿಲ್ಲಿಸಿ, ದಪ್ಪ ಗೋಡೆ ಕಟ್ಟಿಕೊಂಡು, ಒಳಗೆಲ್ಲ ಕೆಂಪು ತುಂಬಿಕೊಂಡು ಮಲಗಿಬಿಡ್ತದೆ. ಆ ಕೆಂಪು ಅದಕ್ಕೆ ಬಿಸಿಲಿನ ಛತ್ರಿ. ಒಣತೂಕದ ನೂರಕ್ಕೆ ನಾಲ್ಕು ಪಾಲಿನಷ್ಟು ಬಣ್ಣ ಬರಬಹುದು. ಹವಾಯಿ ದ್ವೀಪದ ಕೋನಾದಲ್ಲಿ, ಇಸ್ರೇಲಿನ ಅರಾವಾ ಮರುಭೂಮಿಯಲ್ಲಿ ಇದನ್ನು ವ್ಯಾಪಾರಕ್ಕೆ ಬೆಳೆಯುತ್ತಾರೆ. ಅರಾವಾದಲ್ಲಿ ಕಿಲೋಮೀಟರುಗಟ್ಟಲೆ ಗಾಜಿನ ಕೊಳವೆಗಳೊಳಗೆ ನೀರು ಹರಿಯುತ್ತದೆ. ಒಂದು ಸಾಲು ಹಸಿರು, ಇನ್ನೊಂದು ಸಾಲು ರಕ್ತದ ಹಾಗೆ ಕೆಂಪು.

ಈಗ ಇದರೊಳಗಿನ ಗುಟ್ಟು ನೋಡಿ. ಡ್ಯುನಲಿಯೆಲ್ಲಾ, ಹೆಮಟೊಕಾಕಸ್ ಎರಡೂ ಬಣ್ಣ ಕೂಡಿಡುವುದು ಕಷ್ಟ ಬಂದಾಗ. ಹೊಟ್ಟೆ ತುಂಬ ಸಾರಜನಕ ಕೊಟ್ಟು, ಹದವಾದ ಬೆಳಕು ಕೊಟ್ಟು ಇಟ್ಟರೆ ಹಸಿರಾಗಿ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೀತಾ ಹೋಗ್ತದೆ, ಬಣ್ಣ ಕೊಡುವುದಿಲ್ಲ. ಉಪವಾಸ ಹಾಕಿ ಬಿಸಿಲಿಗೆ ನಿಲ್ಲಿಸಿದರೆ ಬಣ್ಣ ಬರ್ತದೆ, ಬೆಳವಣಿಗೆ ನಿಂತುಬಿಡ್ತದೆ. ಹಲವು ಪಾಚಿಗಳಲ್ಲಿ ಎಣ್ಣೆಯೂ ಹೀಗೇ, ಸಾರಜನಕ ನಿಲ್ಲಿಸಿದ ಮೇಲೆ ಕೊಬ್ಬು ಶೇಖರಿಸುತ್ತದೆ. ಬೆಳೆಯುವಾಗ ಕೂಡಿಡುವುದಿಲ್ಲ, ಕೂಡಿಡುವಾಗ ಬೆಳೆಯುವುದಿಲ್ಲ. (ಸಭೆಯಲ್ಲಿ ನಗು.) ಹೌದು, ಬ್ಯಾಚುಲರ್ ರೂಮಿನಲ್ಲಿ ನಾಲ್ಕು ಜನ ಕುಬೂಸ್ ತಿಂದುಕೊಂಡು ಊರಿಗೆ ಹಣ ಕಳಿಸಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅದಕ್ಕೇ ಹೆಮಟೊಕಾಕಸ್ ಬೆಳೆಯುವವರು ಎರಡು ಹಂತ ಮಾಡ್ತಾರೆ. ಮೊದಲ ಹಂತದಲ್ಲಿ ನೆರಳಿನಲ್ಲಿ, ಮುಚ್ಚಿದ ಪಾತ್ರೆಯಲ್ಲಿ ಸಂಖ್ಯೆ ಹೆಚ್ಚಿಸುವುದು. ಎರಡನೇ ಹಂತದಲ್ಲಿ ಬಿಸಿಲಿಗೆ ತಂದು ಉಪವಾಸ ಹಾಕುವುದು. ಎರಡಕ್ಕೂ ಬೇರೆ ಬೇರೆ ಜಾಗ, ಬೇರೆ ಬೇರೆ ಉಪಕರಣ. ಹಸಿರು ಹಂತದಲ್ಲಿ ಇದು ಪಾಪದ್ದು. ಬೇರೆ ಪಾಚಿ ಬಂದರೆ ಸೋಲ್ತದೆ, ಒಂದು ಜಾತಿಯ ಶಿಲೀಂಧ್ರ ಹಿಡಿದರೆ ಕೆಲವೇ ದಿನದಲ್ಲಿ ಕೊಳ ಖಾಲಿ.

ನನ್ನ ಕೋಣೆಯಲ್ಲೂ ನಿತ್ಯದ ಹೋರಾಟ ಅದೇ. ತಾಯಿ ಬೀಜವನ್ನು 250 ಮಿಲಿಲೀಟರ್ ಫ್ಲಾಸ್ಕಿನಲ್ಲಿ ಇಡ್ತೇವೆ. ಅಲ್ಲಿಂದ ಎರಡು ಲೀಟರು, ಅಲ್ಲಿಂದ ಇಪ್ಪತ್ತು ಲೀಟರು, ಆಮೇಲೆ ನಾನೂರು ಲೀಟರಿನ ಪ್ಲಾಸ್ಟಿಕ್ ಚೀಲ. ಮನೆಯಲ್ಲಿ ಹೆಪ್ಪು ಹಾಕಿದ ಹಾಗೆಯೇ, ಹಿಂದಿನದು ಒಳ್ಳೆಯದಿದ್ದರೆ ಮುಂದಿನದು ಒಳ್ಳೆಯದು. ಮೊಸರಿನಲ್ಲಾದರೆ ಹುಳಿಯೇ ಅದನ್ನು ಕಾಯುತ್ತದೆ. ಇಲ್ಲಿ ಕಾಯುವವರು ನಾವೇ. ಗಾಳಿ ಸೋಸಬೇಕು, ನೀರು ಸೋಸಬೇಕು, ಕೈ ತೊಳೆಯಬೇಕು. ಪಾಚಿ ತಿನ್ನುವ ಸಣ್ಣ ಹುಳ ಒಂದು ಒಳಗೆ ಹೊಕ್ಕರೆ ಸಂಜೆ ಹಸಿರಾಗಿದ್ದ ಚೀಲ ಬೆಳಿಗ್ಗೆ ತಿಳಿನೀರು. ಹೊರಗೆ 45 ಡಿಗ್ರಿ, ನಮ್ಮ ಕೋಣೆ 23 ಡಿಗ್ರಿ. ಕರೆಂಟು ಹೋಗಿ ಜನರೇಟರ್ ಶುರುವಾಗದಿದ್ದರೆ ಅರ್ಧ ದಿನದಲ್ಲಿ ಎಲ್ಲ ಮುಗೀತದೆ. ಗಲ್ಫಿನಲ್ಲಿ ಬೇಕಾದಷ್ಟು ಬಿಸಿಲಿದೆಯಲ್ಲ, ಪಾಚಿಗೆ ಸ್ವರ್ಗ ಅಂತ ಬಹಳ ಜನ ಹೇಳ್ತಾರೆ. ಬಿಸಿಲು ಬೇಕು ನಿಜ. ಆದರೆ ಇಲ್ಲಿನ ಬೇಸಿಗೆಯಲ್ಲಿ ತೆರೆದ ಕೊಳದಿಂದ ದಿನಕ್ಕೆ ಒಂದು ಸೆಂಟಿಮೀಟರಿನಷ್ಟು ನೀರು ಆವಿಯಾಗಬಹುದು. ಸಾವಿರ ಚದರ ಮೀಟರ್ ಕೊಳಕ್ಕೆ ಅದು ದಿನಕ್ಕೆ ಹತ್ತು ಸಾವಿರ ಲೀಟರ್.

ಈಗ ಲೆಕ್ಕಕ್ಕೆ ಬರೋಣ. ಪಾಚಿ ಬೆಳೆಸುವುದಕ್ಕಿಂತ ನೀರಿನಿಂದ ಹೊರಗೆ ತೆಗೆಯುವುದು ದೊಡ್ಡ ಕೆಲಸ. ತೆರೆದ ಕೊಳದ ನೀರು ಕಣ್ಣಿಗೆ ಕಡು ಹಸಿರು ಕಾಣ್ತದೆ, ಪಾಲಕ್ ಸಾರಿನ ಹಾಗೆ. ಆದರೆ ಲೀಟರಿಗೆ ಒಣತೂಕ ಅರ್ಧ ಗ್ರಾಂ ಇದ್ದರೆ ಅದು ಒಳ್ಳೆಯ ಕೊಳ. ಅಂದರೆ ಒಂದು ಕೆಜಿ ಒಣ ಪಾಚಿಗೆ ಎರಡು ಸಾವಿರ ಲೀಟರ್ ನೀರು ಸೋಸಬೇಕು. ಅದು ಹೆಮಟೊಕಾಕಸ್ ಆದರೆ, ನೂರಕ್ಕೆ ಮೂರು ಪಾಲು ಬಣ್ಣ ಇದೆ ಅಂತ ಹಿಡಿದರೆ, ಆ ಒಂದು ಕೆಜಿಯಲ್ಲಿ ಸಿಗುವುದು 30 ಗ್ರಾಂ ಅಸ್ಟಾಕ್ಸಾಂಥಿನ್. ಒಂದು ಕೆಜಿ ಬಣ್ಣಕ್ಕೆ 33 ಕೆಜಿ ಪಾಚಿ, 66 ಸಾವಿರ ಲೀಟರ್ ನೀರು. ಇಲ್ಲಿ ರಸ್ತೆಯಲ್ಲಿ ಓಡುವ 5000 ಗ್ಯಾಲನ್ ಟ್ಯಾಂಕರ್ ನೋಡಿದ್ದೀರಲ್ಲ, ಅಂಥ ಮೂರು ಟ್ಯಾಂಕರ್.

ಸ್ಪಿರುಲಿನಾ ಸುರುಳಿಯಾಗಿ ಉದ್ದಕ್ಕೆ ಇರುವುದರಿಂದ ಸಣ್ಣ ಕಣ್ಣಿನ ಬಟ್ಟೆಯಲ್ಲೇ ಸೋಸಬಹುದು. ಚಾಡಿನ ಹೆಂಗಸರಿಗೆ ಸಾಧ್ಯವಾದದ್ದು ಅದಕ್ಕೇ. ಉಳಿದವುಗಳಿಗೆ ಮೊಸರು ಕಡೆದ ಹಾಗೆ ವೇಗವಾಗಿ ತಿರುಗಿಸಿ ಬೇರೆ ಮಾಡುವ ಸೆಂಟ್ರಿಫ್ಯೂಜ್ ಬೇಕು, ಅದಕ್ಕೆ ಕರೆಂಟು ಬೇಕು. ಆಮೇಲೆ ಒಣಗಿಸಬೇಕು, ಅದೂ ತಡಮಾಡದೆ. ಹೆಮಟೊಕಾಕಸ್‌ನ ದಪ್ಪ ಗೋಡೆ ಒಡೆಯಬೇಕು. ಒಡೆಯದಿದ್ದರೆ ತಿಂದವರ ಹೊಟ್ಟೆಯಿಂದ ಹಾಗೆಯೇ ಹೊರಗೆ ಹೋಗ್ತದೆ. ಆಮೇಲೆ ಹೆಚ್ಚು ಒತ್ತಡದ ಇಂಗಾಲದ ಡೈಆಕ್ಸೈಡಿನಲ್ಲಿ ಬಣ್ಣ ಬಿಡಿಸಬೇಕು. ಬಿಡಿಸಿದ್ದು ಗಾಳಿ, ಬೆಳಕು ತಾಗಿದರೆ ಕೆಡ್ತದೆ. ಇಷ್ಟೆಲ್ಲ ಮಾಡಿ ಮಾರ್ಕೆಟ್ಟಿಗೆ ಹೋದರೆ ಅಲ್ಲಿ ಪೆಟ್ರೋಲಿಯಂ ಮೂಲದಿಂದ ಕಾರ್ಖಾನೆಯಲ್ಲಿ ಮಾಡಿದ ಅಸ್ಟಾಕ್ಸಾಂಥಿನ್ ಕಡಿಮೆ ಬೆಲೆಗೆ ಕೂತಿರ್ತದೆ. ಸಾಕಿದ ಸಾಲ್ಮನ್‌ನ ಆಹಾರಕ್ಕೆ ಹೆಚ್ಚಾಗಿ ಹೋಗುವುದು ಅದೇ. ಪಾಚಿಯದ್ದು ಮನುಷ್ಯರು ತಿನ್ನುವ ಮಾತ್ರೆಗೆ ಹೋಗ್ತದೆ, ಅಲ್ಲಿ ಬೆಲೆ ಇದೆ.

ಎಣ್ಣೆಯ ಕತೆ ಇನ್ನೂ ಸ್ವಾರಸ್ಯ. 1980ರ ದಶಕದಲ್ಲಿ ಅಮೆರಿಕದ ಮಾರ್ಟಿನ್ ಮರಿಯೆಟಾ ಕಂಪನಿಯಲ್ಲಿ ಕೆಲವು ವಿಜ್ಞಾನಿಗಳು ಬಾಹ್ಯಾಕಾಶ ಯಾತ್ರಿಗಳಿಗೆ ಪಾಚಿಯಿಂದ ಆಹಾರ, ಆಮ್ಲಜನಕ ಒದಗಿಸಬಹುದಾ ಅಂತ ನೋಡುತ್ತಿದ್ದರು. ಅವರಲ್ಲಿ ಕೆಲವರು 1985ರಲ್ಲಿ ಹೊರಬಂದು ಮೇರಿಲ್ಯಾಂಡ್‌ನಲ್ಲಿ ಮಾರ್ಟೆಕ್ ಎಂಬ ಕಂಪನಿ ಕಟ್ಟಿದರು. ಅವರು ಹಿಡಿದದ್ದು ಕ್ರಿಪ್ಥೆಕೊಡಿನಿಯಂ ಎಂಬ ಸಮುದ್ರದ ಜೀವಿ. ಇದಕ್ಕೆ ಬಿಸಿಲೇ ಬೇಡ. ಕತ್ತಲೆಯ ಉಕ್ಕಿನ ಟ್ಯಾಂಕಿನಲ್ಲಿ ಸಕ್ಕರೆ ಕೊಟ್ಟು, ಬಿಯರ್ ಮಾಡಿದ ಹಾಗೆ ಬೆಳೆಸಬಹುದು. ಅದರಿಂದ ತೆಗೆದ ಡಿಎಚ್‌ಎ ಎಣ್ಣೆ ಹಾಕಿದ ಶಿಶು ಆಹಾರದ ಪುಡಿ 2002ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಈಗ ಸೂಪರ್ ಮಾರ್ಕೆಟ್ಟಿನಲ್ಲಿ ಹಾಲುಪುಡಿಯ ಡಬ್ಬಿ ತಿರುಗಿಸಿ ಓದಿ, ಎಷ್ಟೋ ಡಬ್ಬಿಗಳಲ್ಲಿ ಡಿಎಚ್‌ಎ ಅಂತ ಇರ್ತದೆ.

ಈಚೆಗೆ ಹೆಚ್ಚು ಬಳಕೆಯಲ್ಲಿರುವುದು ಸ್ಕಿಜೊಕೈಟ್ರಿಯಂ. ಅದೂ ಪಾಚಿಯ ದೂರದ ನೆಂಟ. ಒಣತೂಕದ ಅರ್ಧದಷ್ಟು ಎಣ್ಣೆ, ಆ ಎಣ್ಣೆಯಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಡಿಎಚ್‌ಎ. ಟ್ಯಾಂಕಿನಲ್ಲಿ ಲೀಟರಿಗೆ 100 ಗ್ರಾಂವರೆಗೂ ಬೆಳೆಯಬಹುದು. ಕೊಳದಲ್ಲಿ ಅರ್ಧ ಗ್ರಾಂ, ಇಲ್ಲಿ 100 ಗ್ರಾಂ. ಇನ್ನೂರು ಪಟ್ಟು. ಬಿಸಿಲು ಪುಕ್ಕಟೆ, ಸಕ್ಕರೆಗೆ ದುಡ್ಡು ಕೊಡಬೇಕು, ಆದರೂ ಟ್ಯಾಂಕೇ ಗೆದ್ದಿತು. ಯಾಕೆಂದರೆ ನೀರು ತೆಗೆಯುವ ಖರ್ಚು ಅಷ್ಟಿದೆ.

ಇದನ್ನೇ ಪೆಟ್ರೋಲಿನವರೂ ಕಲಿತರು. ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಪಾಚಿಯಿಂದ ಇಂಧನ ತೆಗೆಯುವ ಸಂಶೋಧನೆ ನಡೆಸಿ ನಿಲ್ಲಿಸಿತು. 2009ರಲ್ಲಿ ಎಕ್ಸಾನ್ ಮೊಬಿಲ್ 60 ಕೋಟಿ ಡಾಲರ್ ಹಾಕುವ ಮಾತಾಡಿತು, 2023ರಲ್ಲಿ ಕೈಬಿಟ್ಟಿತು. ಲೀಟರಿಗೆ ಇಷ್ಟು ಅಂತ ಮಾರುವ ಇಂಧನಕ್ಕೆ ಈ ಖರ್ಚು ಹುಟ್ಟುವುದಿಲ್ಲ. ಗ್ರಾಮಿಗೆ ಇಷ್ಟು ಅಂತ ಮಾರುವ ಬಣ್ಣಕ್ಕೆ, ಡಿಎಚ್‌ಎಗೆ ಹುಟ್ಟುತ್ತದೆ. ಪಾಚಿ ಉದ್ಯಮ ಇವತ್ತು ಬಣ್ಣ ಮತ್ತು ಒಳ್ಳೆಯ ಕೊಬ್ಬಿನ ಸುತ್ತ ನಿಂತಿರುವುದಕ್ಕೆ ಕಾರಣ ಇಷ್ಟೇ.

ನಮ್ಮವರ ಕೆಲಸವನ್ನೂ ಹೇಳಬೇಕು. ಮೈಸೂರಿನ ಸಿಎಫ್‌ಟಿಆರ್‌ಐ 1970ರ ದಶಕದಿಂದಲೇ ಪಾಚಿಯ ಮೇಲೆ ಕೆಲಸ ಮಾಡಿದೆ. ಡಾ. ಎಲ್. ವಿ. ವೆಂಕಟರಾಮನ್ ಮತ್ತು ಸಂಗಡಿಗರು ಜರ್ಮನಿಯವರ ಸಹಕಾರದಲ್ಲಿ, ಭಾರತದ ಹವೆಗೆ, ಭಾರತದ ಜೇಬಿಗೆ ಹೊಂದುವಂತೆ ಪಾಚಿ ಬೆಳೆಸುವುದು ಹೇಗೆ ಅಂತ ನೋಡಿದರು. ಮುಂದೆ ಡಾ. ಜಿ. ಎ. ರವಿಶಂಕರ್ ಅವರ ತಂಡ ಡ್ಯುನಲಿಯೆಲ್ಲಾ, ಹೆಮಟೊಕಾಕಸ್‌ಗಳ ಬಣ್ಣದ ಮೇಲೆ ಸಂಶೋಧನೆ ಮಾಡಿತು. ವ್ಯಾಪಾರದ ಮಟ್ಟದಲ್ಲಿ ತಮಿಳುನಾಡಿನ ಊನೈಯೂರಿನಲ್ಲಿ ದೊಡ್ಡ ಸ್ಪಿರುಲಿನಾ ಕೊಳಗಳಿವೆ. ಅದು ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಜಾಗ ಅನ್ನುವುದನ್ನು ನೆನಪಿಡಿ.

ತಿನ್ನಬೇಕಾ ಬೇಡವಾ ಅಂತ ಅಕ್ಕಂದಿರು ಆಗಲೇ ಚೀಟಿ ಕಳಿಸಿದ್ದಾರೆ. ನಾನು ಡಾಕ್ಟರಲ್ಲ, ಗೊತ್ತಿರುವಷ್ಟು ಹೇಳ್ತೇನೆ.

ಮೀನು ತಿನ್ನದ ಮನೆಯವರಿಗೆ ಪಾಚಿ ಎಣ್ಣೆಯ ಡಿಎಚ್‌ಎ ನಿಜವಾಗಿ ಉಪಯೋಗದ್ದು. ಅಗಸೆಯ ಚಟ್ನಿಪುಡಿ ಒಳ್ಳೆಯದೇ, ಅದರಲ್ಲಿ ಒಮೆಗಾ-3 ಇದೆ. ಆದರೆ ಅದು ಬೇರೆ ಬಗೆಯದು, ನಮ್ಮ ದೇಹ ಅದನ್ನು ಡಿಎಚ್‌ಎ ಆಗಿ ಬದಲಿಸುವುದು ಬಹಳ ಸ್ವಲ್ಪ. ಬಸುರಿಯರು, ಹಾಲೂಡಿಸುವವರು ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಡಬ್ಬಿಯ ಮೇಲೆ ಒಟ್ಟು ಎಣ್ಣೆ ಎಷ್ಟು ಅಂತ ನೋಡಬೇಡಿ, ಡಿಎಚ್‌ಎ ಎಷ್ಟು ಮಿಲಿಗ್ರಾಂ ಅಂತ ನೋಡಿ.

ಸ್ಪಿರುಲಿನಾದಲ್ಲಿ ಬಿ12 ಇದೆ, ಸಸ್ಯಾಹಾರಿಗಳಿಗೆ ವರ ಅಂತ ಜಾಹೀರಾತು ಬರ್ತದೆ. ಅದರಲ್ಲಿರುವುದು ಬಹುಪಾಲು ಬಿ12ನ ರೂಪದ ಬೇರೊಂದು ವಸ್ತು, ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದು. ಇದನ್ನು ನಂಬಿ ಬಿ12 ಮಾತ್ರೆ ಬಿಡಬೇಡಿ. ಪ್ರೋಟೀನ್ ಒಣತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ನಿಜ. ಆದರೆ ದಿನಕ್ಕೆ ಮೂರು ಗ್ರಾಂ ತಿಂದರೆ ಎರಡು ಗ್ರಾಂ ಪ್ರೋಟೀನ್ ಸಿಗಬಹುದು, ಒಂದು ಹಿಡಿ ಹೆಸರುಕಾಳಿನಲ್ಲಿ ಅದಕ್ಕಿಂತ ಹೆಚ್ಚಿದೆ.

ಇನ್ನೊಂದು ಎಚ್ಚರ ಬೀಡಿ ಸಿಗರೇಟು ಸೇದುವವರಿಗೆ. 1990ರ ದಶಕದಲ್ಲಿ ಫಿನ್ಲೆಂಡ್‌ನಲ್ಲಿ, ಅಮೆರಿಕದಲ್ಲಿ ಸೇದುವವರಿಗೆ ಬೀಟಾ ಕ್ಯಾರೊಟಿನ್ ಮಾತ್ರೆ ಕೊಟ್ಟು ದೊಡ್ಡ ಪರೀಕ್ಷೆ ನಡೆಸಿದರು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗ್ತದೆ ಅಂದುಕೊಂಡಿದ್ದರು, ಹೆಚ್ಚಾಯಿತು. ಕ್ಯಾರೆಟ್ ತಿನ್ನುವುದಕ್ಕೆ ಭಯ ಬೇಡ, ದೊಡ್ಡ ಪ್ರಮಾಣದ ಮಾತ್ರೆ ಬೇಡ. ನೈಸರ್ಗಿಕ ಅಂದ ಮಾತ್ರಕ್ಕೆ ಎಲ್ಲರಿಗೂ ಹಿತ ಅಲ್ಲ.

ಈಗ ಸುಳ್ಯದ ಅಣ್ಣನ ಕರಪತ್ರ. ಅದರಲ್ಲಿ ಹೀಗಿದೆ: 10 ಅಡಿಗೆ 20 ಅಡಿಯ ಹತ್ತು ಟ್ಯಾಂಕು, ದಿನಕ್ಕೆ 5 ಕೆಜಿ ಒಣಪುಡಿ, ತಿಂಗಳು ತಿಂಗಳು ನಿಶ್ಚಿತ ಆದಾಯ.

ಹತ್ತು ಟ್ಯಾಂಕು ಅಂದರೆ 2000 ಚದರ ಅಡಿ, ಅಂದರೆ 186 ಚದರ ಮೀಟರ್. ದಿನಕ್ಕೆ 5 ಕೆಜಿ ಬರಬೇಕಾದರೆ ಚದರ ಮೀಟರಿಗೆ 27 ಗ್ರಾಂ ಬೆಳೆಯಬೇಕು. ಅನುಭವ ಇರುವವರು ಚೆನ್ನಾಗಿ ನಡೆಸುವ ತೆರೆದ ಕೊಳದಲ್ಲೂ ವರ್ಷದ ಸರಾಸರಿ ಹತ್ತು ಗ್ರಾಂ ದಾಟಿಸುವುದು ಕಷ್ಟ. ಎಂಟರಿಂದ ಹತ್ತು ಅಂತ ಹಿಡಿದರೆ ದಿನಕ್ಕೆ ಒಂದೂವರೆಯಿಂದ ಎರಡು ಕೆಜಿ ಒಳಗೆ. ಕರಪತ್ರದ ಆದಾಯ ಇಲ್ಲಿಗೇ ಮೂರನೇ ಒಂದು ಭಾಗವಾಯಿತು.

ಎರಡನೆಯದು ಮಳೆ. ಸುಳ್ಯದಲ್ಲಿ ವರ್ಷಕ್ಕೆ ನಾಲ್ಕು ಮೀಟರಿನ ಹತ್ತಿರ ಮಳೆ. ಸ್ಪಿರುಲಿನಾ ಟ್ಯಾಂಕಿನ ನೀರಿನ ಆಳ 20 ಸೆಂಟಿಮೀಟರ್. ಅದರ ಇಪ್ಪತ್ತು ಪಟ್ಟು ನೀರು ಆಕಾಶದಿಂದ ಬೀಳುತ್ತದೆ. ಮಾಡು ಹಾಕಲೇಬೇಕು. ಮಾಡು ಹಾಕಿದರೂ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಎಲ್ಲಿ? 35 ಡಿಗ್ರಿ ಹತ್ತಿರದ ಬಿಸಿ ಇಷ್ಟಪಡುವ ಜೀವಿ ಅದು. ತೇವದ ಗಾಳಿಯಲ್ಲಿ ಪುಡಿ ಒಣಗಿಸುವುದೂ ಯಂತ್ರದಿಂದಲೇ.

ಮೂರನೆಯದು ಸೋಡಾ. ಸ್ಪಿರುಲಿನಾಕ್ಕೆ ಕ್ಷಾರದ ನೀರು ಬೇಕು, ಪಿಎಚ್ 9ಕ್ಕಿಂತ ಮೇಲೆ. ಪುಸ್ತಕದ ಜಾರೂಕ್ ಮಾಧ್ಯಮದ ಪ್ರಕಾರ ಲೀಟರಿಗೆ 16.8 ಗ್ರಾಂ ಅಡುಗೆ ಸೋಡಾ. ಹತ್ತು ಟ್ಯಾಂಕಿನ 37 ಸಾವಿರ ಲೀಟರಿಗೆ 600 ಕೆಜಿ ಮೇಲಾಯಿತು. ಕಡಿಮೆ ಹಾಕಿ ಬೆಳೆಯುವವರೂ ಇದ್ದಾರೆ, ಆದರೆ ಕ್ಷಾರ ಇಳಿದರೆ ಬೇರೆ ಪಾಚಿ ನುಗ್ಗುತ್ತದೆ. ಹಳೆಯ ನೀರು ಎಲ್ಲಿಗೆ ಬಿಡುವುದು? ಉಳಿದ ಅಡಿಕೆ ಬುಡಕ್ಕೆ ಬಿಟ್ಟರೆ ಆ ಸೋಡಿಯಂ ಮಣ್ಣನ್ನೇ ಕೆಡಿಸುತ್ತದೆ. ಹಳದಿ ಎಲೆ ರೋಗದಿಂದ ಉಳಿದದ್ದೂ ಹೋದೀತು.

ನಾಲ್ಕನೆಯದು ಶುದ್ಧತೆ. ಸ್ಪಿರುಲಿನಾದ ಜೊತೆ ವಿಷ ಉಂಟುಮಾಡುವ ಬೇರೆ ನೀಲಿಹಸಿರು ಪಾಚಿ ಸೇರಿಕೊಳ್ಳಬಹುದು. ನೀರಿನಲ್ಲಿ, ಗೊಬ್ಬರದಲ್ಲಿ ಇರುವ ಸೀಸ, ಆರ್ಸೆನಿಕ್‌ಗಳನ್ನು ಪಾಚಿ ಹೀರಿಕೊಳ್ಳುತ್ತದೆ. ಅದಕ್ಕೇ ಪ್ರತಿ ಬ್ಯಾಚಿಗೆ ಪರೀಕ್ಷೆ ಬೇಕು, ತಿನ್ನುವ ವಸ್ತುವಾದ್ದರಿಂದ ಎಫ್‌ಎಸ್‌ಎಸ್‌ಎಐ ಪರವಾನಗಿಯೂ ಬೇಕು. ಕರಪತ್ರದ ಖರ್ಚಿನ ಪಟ್ಟಿಯಲ್ಲಿ ಇದು ಯಾವುದೂ ಇಲ್ಲ.

ಐದನೆಯದೇ ದೊಡ್ಡದು. "ನಾವೇ ಕೊಳ್ಳುತ್ತೇವೆ" ಅನ್ನುವವರು ಬೀಜ, ಟ್ಯಾಂಕು, ತರಬೇತಿ ಎಲ್ಲವನ್ನೂ ಮೊದಲು ನಮಗೆ ಮಾರುತ್ತಾರೆ. ಅವರ ಲಾಭ ಅಲ್ಲಿಗೇ ಮುಗಿದಿರಬಹುದು. ಒಪ್ಪಂದದಲ್ಲಿ "ಗುಣಮಟ್ಟ ಇದ್ದರೆ" ಅಂತ ಒಂದು ಸಾಲು ಇರ್ತದೆ. ಗುಣಮಟ್ಟ ಯಾರು, ಯಾವ ಪ್ರಯೋಗಾಲಯದಲ್ಲಿ, ಯಾರ ಖರ್ಚಿನಲ್ಲಿ ನೋಡುತ್ತಾರೆ ಅಂತ ಇರುವುದಿಲ್ಲ. ಹಾಗಂತ ಎಲ್ಲರೂ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಕೇಳಿ ನೋಡಿ ಅಂತ ಹೇಳ್ತೇನೆ. ಅವರೇ ಎರಡು ವರ್ಷದಿಂದ ನಡೆಸುತ್ತಿರುವ ಘಟಕ ತೋರಿಸಲಿ, ಮಳೆಗಾಲದ ತಿಂಗಳಿನ ಇಳುವರಿ ಪುಸ್ತಕ ತೋರಿಸಲಿ, ಅವರಿಗೆ ಮಾರಿದ ಹಳೆಯ ರೈತರ ಜೊತೆ ಮಾತಾಡಲು ಬಿಡಲಿ. ಈ ಮೂರಕ್ಕೆ ಉತ್ತರ ಬಾರದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಅಣ್ಣ, ನಿಮಗೆ ನನ್ನ ಮಾತು ಇಷ್ಟು. ಆಸೆ ಇದ್ದರೆ ಬಿಡಬೇಡಿ. ಒಂದೇ ಒಂದು ಟ್ಯಾಂಕು ಹಾಕಿ. ಒಂದು ಪೂರ್ತಿ ವರ್ಷ, ಮಳೆಗಾಲ ಸೇರಿಸಿ, ನಡೆಸಿ. ದಿನಾ ತೂಕ ಬರೆದಿಡಿ. ಸಿಎಫ್‌ಟಿಆರ್‌ಐಯಂಥ ಸಂಸ್ಥೆಗೆ ಹೋಗಿ ತರಬೇತಿ ಸಿಗ್ತದಾ ಅಂತ ವಿಚಾರಿಸಿ. ಕೊಳ್ಳುವವನನ್ನು ಬೆಳೆಯುವ ಮೊದಲು ಹುಡುಕಿ. ಮನುಷ್ಯರ ಮಾತ್ರೆಯೇ ಆಗಬೇಕೆಂದಿಲ್ಲ, ಬಣ್ಣದ ಮೀನಿನ ಆಹಾರಕ್ಕೆ, ಸಿಗಡಿ ಹ್ಯಾಚರಿಗೂ ಪಾಚಿ ಬೇಕು. ಗ್ರ್ಯಾಚುಯಿಟಿ ಹಣ ಬ್ಯಾಂಕಿನಲ್ಲೇ ಇರಲಿ, ಆ ಒಂದು ಟ್ಯಾಂಕಿನ ಲೆಕ್ಕ ಸರಿ ಬಂದ ಮೇಲೆ ಎರಡನೆಯದು.

ಪಾಚಿ ಒಳ್ಳೆಯ ಬೆಳೆ. ಅದು ಕೊಡುವ ಬಣ್ಣ, ಎಣ್ಣೆ ಎರಡಕ್ಕೂ ಬೇಡಿಕೆ ಇದೆ, ಮುಂದೆಯೂ ಇರ್ತದೆ. ಸಮುದ್ರದ ಮೀನು ಕಡಿಮೆಯಾದ ಹಾಗೆ ಡಿಎಚ್‌ಎ ಪಾಚಿಯಿಂದಲೇ ಹೆಚ್ಚು ಬರಬೇಕಾಗ್ತದೆ. ನಮ್ಮ ಮಕ್ಕಳಲ್ಲಿ ಯಾರಾದರೂ ಜೀವವಿಜ್ಞಾನ, ಕೆಮಿಕಲ್ ಎಂಜಿನಿಯರಿಂಗ್ ಓದುವವರಿದ್ದರೆ ಈ ಕ್ಷೇತ್ರ ಅವರಿಗೆ ಹೇಳಿ. ಕಡಿಮೆ ಖರ್ಚಿನಲ್ಲಿ ನೀರಿನಿಂದ ಪಾಚಿ ತೆಗೆಯುವ ದಾರಿ ಹುಡುಕಿದವರಿಗೆ ದೊಡ್ಡ ಕೆಲಸ ಕಾದಿದೆ. ಪಾಚಿ ಕೋಣೆ ನೋಡಬೇಕು ಅನ್ನುವ ಮಕ್ಕಳಿದ್ದರೆ ನನಗೆ ತಿಳಿಸಿ, ಅನುಮತಿ ತೆಗೆದು ಕರೆದುಕೊಂಡು ಹೋಗ್ತೇನೆ. ಕೈ ಮಾತ್ರ ಎರಡು ಸಲ ತೊಳೆಯಬೇಕು.